ಅರಿವೇಣಿ ಮಡಕೆಯ ಮೇಲಿನ ಅಜ್ಜಿ

ಕದಿರಮ್ಮ ನನ್ನ ವಾರಗಿತ್ತಿ. ಅವಳ ಬಗ್ಗೆ ಒಳ್ಳೆಯ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ. ತಾಯಲೂರಿನ ಕುಂಬಾರರ ಬೀದಿಯಲ್ಲಿ ಅವಳಂಥ ಸೋಮಾರಿ ಇನ್ನೊಬ್ಬಳಿರಲಿಲ್ಲ. ಮಣ್ಣು ತುಳಿಯಲು ಕರೆದರೆ ಸೊಂಟನೋವು. ಒಲೆ ಮುಂದೆ ಕೂರಿಸಿದರೆ ಸಾರು ಸೀಯುತ್ತಿತ್ತು. ಕೆರೆಗೆ ನೀರಿಗೆ ಹೋದವಳು ಕೊಕ್ಕರೆ ನೋಡುತ್ತ ನಿಂತರೆ ನಾನೇ ಹೋಗಿ ಕರೆದುಕೊಂಡು ಬರಬೇಕು.

ಆದರೆ ಈಚಲು ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡು ಕೂತಳೆಂದರೆ ಅವಳೇ ಬೇರೆ. ಊರಿನ ಮದುವೆಗಳಿಗೆ ಅರಿವೇಣಿ ಮಡಕೆ ಹೋಗುತ್ತಿದ್ದುದು ನಮ್ಮ ಮನೆಯಿಂದ. ಮಡಕೆಗೆ ಸುಣ್ಣ ಬಳಿದು, ಕೆಮ್ಮಣ್ಣು, ಮಸಿ, ಅವರೆ ಸೊಪ್ಪಿನ ರಸದಲ್ಲಿ ಗಿಳಿ, ತಾವರೆ ಬರೆಯಬೇಕು. ಹೆಣ್ಣಿನ ಮನೆಯವರು ವಾದ್ಯ ತಂದು, ಮುತ್ತೈದೆಯರ ತಲೆಯ ಮೇಲೆ ಹೊರಿಸಿಕೊಂಡು ಹೋಗಿ, ಹಸೆಮಣೆಯ ಪಕ್ಕ ಇಟ್ಟು ಪೂಜೆ ಮಾಡುತ್ತಿದ್ದರು. ಆ ಮಡಕೆ ವಾಪಸು ಬಂತೋ, ನಮ್ಮದು ಅಪಶಕುನದ ಕೈ ಎಂದು ಹೆಸರಾಗಿ ಮತ್ತೆ ಯಾರೂ ನಮ್ಮ ಬಾಗಿಲಿಗೆ ಬರುತ್ತಿರಲಿಲ್ಲ.

ಯುದ್ಧ ಶುರುವಾದ ವರ್ಷ ವೆಂಕಟರಮಣಪ್ಪನವರ ಮಗಳು ಶ್ಯಾಮಲೆಯ ಮದುವೆ ಬಂತು. ತಾಯಿಯಿಲ್ಲದ ಹುಡುಗಿ. ಸಾಕಿದ್ದು ಅಜ್ಜಿ ದೊಡ್ಡಗಂಗಮ್ಮನವರು, ವೆಂಕಟರಮಣಪ್ಪನವರ ತಾಯಿ. ಗಂಡ ತೀರಿಹೋದವರಾದ್ದರಿಂದ ಮದುವೆಯ ದಿನ ಅವರು ಚಪ್ಪರಕ್ಕೆ ಬರುವಂತಿರಲಿಲ್ಲ, ಹಿತ್ತಿಲ ಕೋಣೆಯಲ್ಲೇ ಕೂರಬೇಕಿತ್ತು.

ವಾದ್ಯದವರು ಬೀದಿಗೆ ಬಂದ ಮೇಲೆಯೇ ನಮ್ಮತ್ತೆ ಮುತ್ಯಾಲಮ್ಮ ಕೊನೆಯ ಮಡಕೆ ನೋಡಿದ್ದು. ಹುಣಸೆ ಮರ. ಅದರ ಬುಡದಲ್ಲಿ ಹಣೆಗೆ ಕುಂಕುಮವಿಲ್ಲದ ಮುದುಕಿಯೊಬ್ಬಳು ತೊಡೆಯ ಮೇಲಿನ ಮಗುವಿಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದಾಳೆ. ಯಾರು ನೋಡಿದರೂ ದೊಡ್ಡಗಂಗಮ್ಮನವರೇ.

“ಏಮೇ ಇದಿ?” ಅಂದರು ಅತ್ತೆ. ಸಿಟ್ಟು ಬಂದರೆ ಅವರಿಗೆ ತೆಲುಗೇ. “ಮದ್ವೆ ಮಡಕೆ ಮೇಲೆ ಗಂಡ ಸತ್ತೋಳ್ನ ಬರೀತಾರೇನೇ?”

“ಆ ಮರದ ಕೆಳಗೆ ಅಜ್ಜಿ ಮೊಮ್ಮಗಳನ್ನ ದಿನಾ ನೋಡ್ತಿದ್ದೆ ಅತ್ತೆ. ಶ್ಯಾಮಲನ ಮದ್ವೆ ಅಂದ ತಕ್ಷಣ ಅದೇ ಕಣ್ಮುಂದೆ ಬಂತು, ಬರ್ದೆ. ಬೇರೇದು ಜ್ಞಾಪಕಕ್ಕೇ ಬರ್ಲಿಲ್ಲ.”

ನೋಡಿ ಇವಳ ಬುದ್ಧಿ! ಮತ್ತೆ ಸುಣ್ಣ ಬಳಿದರೆ ಒಣಗಲು ಹೊತ್ತಿಲ್ಲ. ಅತ್ತೆ ಚಿತ್ರವನ್ನು ಹಿಂದಕ್ಕೆ ತಿರುಗಿಸಿ, ಎಲ್ಲರಿಗಿಂತ ಮುಂದೆ ನಡೆಯುವ ಮುತ್ತೈದೆಯ ತಲೆಗೆ ಮಡಕೆ ಹೊರಿಸಿದರು. ಹಿಂದೆ ಬರುವ ಇಡೀ ಮೆರವಣಿಗೆ ಅದನ್ನೇ ನೋಡಿಕೊಂಡು ನಡೆಯುತ್ತದೆಂದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಚಪ್ಪರ ತಲುಪುವಷ್ಟರಲ್ಲಿ ಗುಸುಗುಸು ಹೋಗಿ ಗಲಾಟೆಯೇ ಆಗಿತ್ತು. ವೆಂಕಟರಮಣಪ್ಪನವರು ಮಡಕೆ ಇಳಿಸಿ ನೋಡಿದರು. ಹೆತ್ತ ತಾಯಿಯ ಮುಖ. ಆದರೆ ಬೀಗರು ನೋಡುತ್ತಿದ್ದರಲ್ಲ.

“ತಗೊಂಡ್ಹೋಗಮ್ಮ ಇದನ್ನ,” ಎಂದರು. “ಶುಭಕಾರ್ಯ ನಡೀಬೇಕು.”

ಮೆರವಣಿಗೆಯ ಹಿಂದೆ ನಮ್ಮ ಜೊತೆ ಬಂದಿದ್ದ ಕದಿರಮ್ಮ ಮಡಕೆ ಎತ್ತಿಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಶ್ಯಾಮಲೆ ಒಳಗಿನಿಂದ ಬಂದು ಆ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸುಮ್ಮನೆ ನೋಡಿದಳು, ನೋಡಿದಳು.

“ಇದು ಹೋದ್ರೆ ನಾನು ಹಸೆಮಣೆ ಮೇಲೆ ಕೂರಲ್ಲಪ್ಪ.”

ಗಂಡಿನ ತಾಯಿ ಗಂಗರತ್ನಮ್ಮನವರು ಮುಂದೆ ಬಂದರು. “ಸಾಕಿದ ಕೈ ಅಲ್ವಾ, ಇರ್ಲಿ ಬಿಡಿ. ಮುಹೂರ್ತ ಮೀರ್ತದೆ.”

ಮಡಕೆಗಳಿಗೆ ಅರಿಶಿನ ಕುಂಕುಮ ಇಡುವುದು ಮದುಮಗಳ ಕೆಲಸ. ಕೊನೆಯ ಮಡಕೆಗೆ ಬಂದಾಗ ಶ್ಯಾಮಲೆ ಕುಂಕುಮ ತೆಗೆದು ಚಿತ್ರದ ಅಜ್ಜಿಯ ಹಣೆಗೇ ಇಟ್ಟಳು. ವೆಂಕಟರಮಣಪ್ಪನವರು ಎದ್ದು ಹಿತ್ತಿಲಿಗೆ ಹೋಗಿ ತಾಯಿಯ ಕೈ ಹಿಡಿದು ಕರೆತಂದರು. ನಾನು ಅತ್ತುಬಿಟ್ಟೆ. ಅಳಬಾರದೆಂದುಕೊಂಡರೂ ಆಗಲಿಲ್ಲ.

ದೊಡ್ಡಗಂಗಮ್ಮನವರು ಮಡಕೆಯನ್ನು ಹತ್ತಿರದಿಂದ ನೋಡಿ, “ನನ್ನ ಮೂಗು ಇಷ್ಟು ದಪ್ಪ ಇಲ್ಲ ಕಣೇ ಕದಿರಿ,” ಎಂದು ಮೊಮ್ಮಗಳ ಪಕ್ಕದಲ್ಲೇ ಕೂತರು.

ಆಮೇಲೆ ಯಲ್ದೂರು, ಹೋಳೂರಿನಿಂದೆಲ್ಲ ಜನ ಗಾಡಿ ಕಟ್ಟಿಕೊಂಡು ಬಂದರು. ನಮ್ಮಜ್ಜೀನ ಬರೀರಿ, ನಮ್ಮ ಮಾವಿನ ತೋಪು ಬರೀರಿ, ತೀರಿಹೋದ ನಮ್ಮ ಎತ್ತು ಬರೀರಿ. ಕದಿರಮ್ಮ ಬರೆದಳು, ಅವಳ ಪಾಲಿನ ಮಣ್ಣನ್ನೂ ನಾನೇ ತುಳಿದೆ. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ, ಹೆಮ್ಮೆಯೂ ಇತ್ತು. ಅತ್ತೆ ಮಾತ್ರ ಬಂದವರನ್ನೆಲ್ಲ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟು, “ಆವತ್ತು ಎಲ್ರಿಗೂ ಕಾಣ್ಲಿ ಅಂತ ಮಡಕೆ ತಿರುಗ್ಸಿಟ್ಟಿದ್ದೇ ನಾನು,” ಎನ್ನುತ್ತಿದ್ದರು.