ಗೇಜಿಗೆ ಹಚ್ಚಿದ ವಿಭೂತಿ

ಎಂಬತ್ತರ ದಶಕದಲ್ಲಿ ತುಮಕೂರಿನ ಮರಳೂರಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಎರಡು ಲೇತು, ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬಂದುಹೋಗುತ್ತಾ ಅವನ್ನು ನಡೆಸುತ್ತಿದ್ದ ಹಿರಿಯ ಟರ್ನರ್ ಒಬ್ಬರು, ಜೊತೆಗೆ ನನ್ನ ದೊಡ್ಡ ಬಾಯಿ. ಆಗ ಎಲೆಕ್ಟ್ರಾನಿಕ್ ಟೆಲಿಫೋನ್ ಎಕ್ಸ್‌ಚೇಂಜುಗಳು ಹೊಸದಾಗಿ ಬರುತ್ತಿದ್ದವು. ಅವುಗಳ ಹಿತ್ತಾಳೆ ಕನೆಕ್ಟರನ್ನು ಯಾವ ದೇಶದಲ್ಲಿ ಮಾಡಿದರೂ ಅಂತರರಾಷ್ಟ್ರೀಯ ಅಳತೆಗೇ ಕೂರಬೇಕು. ಅದನ್ನು ಪರೀಕ್ಷಿಸುವ ಗೇಜ್ ಕೊಳ್ಳುವ ಶಕ್ತಿ ನನಗೆಲ್ಲಿತ್ತು? ಸರ್ಕಾರ ಅದಕ್ಕೆಂದೇ ಸಹಾಯಧನ ಕೊಟ್ಟಿತು. ಆದರೆ ನಾವು ಮೊದಲು ಮಾಡಿ ತೋರಿಸುವ ಮಾದರಿಗಳು ಪಾಸಾಗದಿದ್ದರೆ ಗೇಜೂ ವಾಪಸ್, ಆರ್ಡರೂ ಇಲ್ಲ. ವರ್ಕ್‌ಶಾಪಿಗೆ ಬಾಗಿಲು ಹಾಕಬೇಕಿತ್ತು, ಅಷ್ಟೇ.

ಗೇಜ್ ಎಂದರೆ ಬೆರಳುದ್ದದ ಉಕ್ಕಿನ ತುಂಡು, ಎರಡು ತುದಿಗೂ ತಿರುಪಿನ ಹಾಗೆ ಥ್ರೆಡ್. ಒಂದು ತುದಿ ಕನೆಕ್ಟರಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು.

ಆಯುಧಪೂಜೆಯ ದಿನ ಟರ್ನರ್ ಲೇತು, ಸ್ಪ್ಯಾನರು, ನನ್ನ ಸೈಕಲ್ಲು ಎಲ್ಲಕ್ಕೂ ವಿಭೂತಿ ಹಚ್ಚಿ ಗೇಜಿನ ಪೆಟ್ಟಿಗೆಗೆ ಕೈ ಹಾಕಿದರು. ನಾನು ಹಾರಿಬಿದ್ದೆ.

"ಅದನ್ನ ಮುಟ್ಟಬೇಡಿ ಕಣ್ರೀ! ಸರ್ಕಾರದ್ದು ಅದು!"

"ಎಲ್ಲಕ್ಕೂ ಇಟ್ಟು ಅದೊಂದನ್ನೇ ಬುಟ್ರೆ ಹೆಂಗೆ ಯಜಮಾನ್ರೆ?"

"ಬೇಡ ಅಂದ್ನಲ್ಲ!"

ಅವರು ಬಸ್ಸಿಗೆ ಹೋದ ಮೇಲೆ ನಾನೊಬ್ಬನೇ ಆ ಪೆಟ್ಟಿಗೆಯ ಮುಂದೆ ಕೂತೆ. ಗುಬ್ಬಿಯಲ್ಲಿ ಅಂಗಡಿ ಇಟ್ಟಿದ್ದ ನಮ್ಮಪ್ಪ ತಕ್ಕಡಿಗೆ ವಿಭೂತಿ ಹಚ್ಚದೆ ಹಬ್ಬದೂಟಕ್ಕೆ ಕೂರುತ್ತಿರಲಿಲ್ಲ. ಬದುಕು ಯಾವುದರ ಮೇಲೆ ನಿಂತಿದೆಯೋ ಅದನ್ನೇ ಬಿಡುವುದೇ? ಪೆಟ್ಟಿಗೆ ತೆಗೆದು, ನೆನೆಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಗೇಜಿನ ಮೇಲೆ ಎಳೆದೆ. ಮರುದಿನ ಬೇಗ ಬಂದು ಬಟ್ಟೆಯಲ್ಲಿ ಒರೆಸಿಟ್ಟೆ.

ಕೆಲಸ ಶುರುವಾದಾಗ ಗೇಜಿನ ಹೋಗಬೇಕಾದ ತುದಿಯೇ ಕನೆಕ್ಟರಿನೊಳಗೆ ಇಳಿಯಲಿಲ್ಲ. "ಬಿಗಿ ಐತೆ" ಎಂದು ಟರ್ನರ್ ಇನ್ನಷ್ಟು ಕೊರೆದರು, ಇಳಿಯಿತು. ಮಾದರಿಗಳನ್ನೆಲ್ಲ ಹಾಗೇ ಮುಗಿಸಿದರು. ಬೆಂಗಳೂರಿನಿಂದ ಬಂದ ಇನ್ಸ್‌ಪೆಕ್ಟರ್ ತಮ್ಮ ಗೇಜ್ ಹಾಕಿ ನೋಡಿದರೆ ಎಲ್ಲವೂ ಲೊಡಲೊಡ. ಅವರು ನಮ್ಮ ಗೇಜನ್ನು ಬೆಳಕಿಗೆ ಹಿಡಿದು ಥ್ರೆಡ್ಡಿನ ಸಂದಿಯನ್ನು ಗುಂಡುಪಿನ್ನಿನಿಂದ ಕೆರೆದರು. ಬಿಳಿ ಪುಡಿ ಉದುರಿತು. ಸಂದಿಯಲ್ಲಿ ಒಣಗಿ ಕೂತಿದ್ದ ವಿಭೂತಿಯಿಂದ ಗೇಜೇ ದಪ್ಪಗಾಗಿತ್ತು.

"ಇದಕ್ಕೂ ಪೂಜೆ ಮಾಡಿದ್ದು ಯಾರ್ರೀ?"

ನನ್ನ ದೊಡ್ಡ ಬಾಯಿಗೆ ಬೀಗ ಬಿತ್ತು.

"ನಾನೇ ಸ್ವಾಮಿ," ಎಂದರು ಟರ್ನರ್. "ಯಜಮಾನ್ರು ಬ್ಯಾಡ ಅಂದ್ರು. ನಾನೇ ಕೇಳ್ನಿಲ್ಲ."

ಇನ್ಸ್‌ಪೆಕ್ಟರ್ ಗೇಜನ್ನು ಪೆಟ್ಟಿಗೆಗೆ ಹಾಕಿ ನನ್ನ ಕೈಗೆ ಕೊಟ್ಟರು. "ತಿಳೀದೆ ಮಾಡಿದಾರೆ, ಹೋಗ್ಲಿ. ಇನ್ನೊಂದ್ಸಲ ಮಾಡ್ಕೊಡಿ. ಆದ್ರೆ ಇನ್ಮೇಲೆ ಇವರ ಕೈಗೆ ಗೇಜ್ ಕೊಡಕೂಡದು."

ನಾನು ತಲೆಯಾಡಿಸಿದೆ. ಥೂ, ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಎರಡನೆಯ ಸಲ ಪಾಸಾಯಿತು, ಆರ್ಡರೂ ಬಂತು. ಟರ್ನರ್ ಮತ್ತೆ ಗೇಜ್ ಮುಟ್ಟಲಿಲ್ಲ. ಕೊರೆದ ಕನೆಕ್ಟರನ್ನು ನನ್ನ ಮುಂದಿಟ್ಟು, ನಾನು ಅಳೆಯುವ ತನಕ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ನನಗೆ ಕೆಲಸ ಕಲಿಸಿದವರೇ ಅವರು. ನೀವೇ ನೋಡಿ ಎಂದು ನಾನೊಂದು ದಿನವೂ ಅನ್ನಲಿಲ್ಲ. ಹಾಗಂದಿದ್ದರೆ ನಿಜವನ್ನೂ ಹೇಳಬೇಕಾಗುತ್ತಿತ್ತು.

ಮುಂದಿನ ವರ್ಷದ ಆಯುಧಪೂಜೆಯಲ್ಲಿ ಅವರು ಎಲ್ಲಕ್ಕೂ ಹಚ್ಚಿ ಮುಗಿಸಿ, ವಿಭೂತಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡರು.

"ಈ ಸಲ ಪೆಟ್ಟಿಗೆ ಮೇಲೆ ಹಚ್ಚಿ ಯಜಮಾನ್ರೆ," ಎಂದರು. "ಒಳಕ್ಕೆ ಬ್ಯಾಡ."