ಕಂಬಕ್ಕೆ ಜಾಗ ಹುಡುಕಿದ ಭಾನುವಾರ

ಹೋದ ವಾರ ನಮ್ಮ ತೋಟದ ಮೋಟಾರ್ ಸುಟ್ಟುಹೋಯಿತು. ತಿಪಟೂರಿನ ವೈಂಡಿಂಗ್ ಅಂಗಡಿಗೆ ಒಯ್ದೆವು. ಅಂಗಡಿಯ ಸಾಹೇಬರು ಮೋಟಾರಿನ ಮುಚ್ಚಳ ಬಿಚ್ಚಿದ್ದೇ ತಡ, ಸುಟ್ಟ ವಾರ್ನಿಷ್ಷಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಮೂರು ಫೇಸ್ ಇಲ್ಲದೆ ಟೂ ಫೇಸಲ್ಲಿ ಓಡಿಸಿದೀರಿ, ಕರೆಂಟ್ ಆಫೀಸಿನವರೇ ಹೀಗೆ ಮಾಡಿದರೆ ಹೇಗೆ ಎಂದು ಅವರು ಛೇಡಿಸಿದರು. ನಾನೂ ನಕ್ಕೆ. ಮನಸ್ಸು ಮಾತ್ರ ಹೊನ್ನವಳ್ಳಿಯ ನನ್ನ ತವರುಮನೆಯ ಹೊರಕೋಣೆಗೆ ಹೋಗಿಬಿಟ್ಟಿತ್ತು...

ಆ ಕೋಣೆಯಲ್ಲಿ ಬಾಡಿಗೆಗಿದ್ದವರು ಕರೆಂಟ್ ಆಫೀಸಿನ ಇಂಜಿನಿಯರಮ್ಮ. ಶಿವಮೊಗ್ಗದ ಕಡೆಯವರು. ಗಂಡ, ಮಗು ಅಲ್ಲೇ ಇದ್ದರು; ರಜೆ ಸಿಕ್ಕಾಗ ಬಸ್ಸು ಹಿಡಿದು ಹೋಗಿ ಬರುತ್ತಿದ್ದರು. ಬಂದ ಹೊಸದರಲ್ಲಿ ಮುದ್ದೆಯನ್ನು ಅಗಿದು ತಿನ್ನುತ್ತಿದ್ದರು, ನಮ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವರ ಜಗಲಿಯ ಮೇಲೆ ಯಾವಾಗಲೂ ಒಂದಲ್ಲ ಒಂದು ಸುಟ್ಟ ಸ್ಟಾರ್ಟರೋ ಕರಗಿದ ಫ್ಯೂಸೋ ಬಿದ್ದಿರುತ್ತಿತ್ತು. ರೈತರು ಆಫೀಸು ತೆಗೆಯುವವರೆಗೂ ಕಾಯದೆ ಅಲ್ಲಿಗೇ ತರುತ್ತಿದ್ದರು. ಅವರು ಜಡೆ ಹೆಣೆದುಕೊಳ್ಳುತ್ತಲೇ, ಯಾಕೆ ಸುಟ್ಟಿತು ಅಂತ ನನಗೆ ಬಿಡಿಸಿ ಹೇಳುತ್ತಿದ್ದರು. ಅದನ್ನು ಕೇಳೀ ಕೇಳೀ ನನಗೂ ಅದರ ಹುಚ್ಚು ಹಿಡಿಯಿತು.

ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, ತುಮಕೂರಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಓದುತ್ತೀನಿ ಅಂತ ಮನೆಯಲ್ಲಿ ಹೇಳಿದೆ. ಅಪ್ಪ ಉಂಡು ಕೈ ತೊಳೆದುಕೊಂಡು ತೋಟಕ್ಕೆ ಹೊರಟ. ಮಾರನೆಯ ದಿನ ಜಗಲಿಯಲ್ಲಿ ಇಂಜಿನಿಯರಮ್ಮನನ್ನೇ ಕೇಳಿದ.

"ಹೆಣ್ಣುಡ್ಗಿ ಕಂಬ ಹತ್ತಕ್ಕಾಯ್ತದೇನ್ ಮೇಡಮ್ಮೋರೆ?"

"ನಾನು ಹತ್ತೋದು ನೋಡಿದೀರಾ ಯಜಮಾನ್ರೆ? ಕಂಬ ಎಲ್ಲಿ ನೆಡ್ಬೇಕು ಅಂತ ಹೇಳೋದು ನನ್ನ ಕೆಲಸ."

ಅಪ್ಪ ಟವೆಲ್ ಕೊಡವಿಕೊಂಡು ಎದ್ದುಹೋದ. ಅಲ್ಲಿಗೆ ಮಾತು ನಿಂತಿತು. ಪಾಲಿಟೆಕ್ನಿಕ್ಕಿಗೆ ಸೇರುವ ಗಡುವು ಮಾತ್ರ ಹತ್ತಿರವಾಗುತ್ತಿತ್ತು.

ನಮ್ಮ ತೋಟದ ಮೇಲೆ ಒಂದು ಲೈನು ಹಾದುಹೋಗಿತ್ತು. ಎರಡು ತೆಂಗಿನ ಮರದ ಗರಿಗಳು ತಂತಿಗೆ ತಾಗುತ್ತಿದ್ದವು. ಕಾಯಿ ಬಿಡೋ ಮರ ಕಡಿಯಲು ಯಾರಿಗೆ ಕೈ ಬರುತ್ತದೆ? ನಮ್ಮ ಕಡೆ ಎಲ್ಲರೂ ಮಾಡುವಂತೆ ಅಪ್ಪನೂ ಗರಿಗಳನ್ನು ಹಿಂದಕ್ಕೆಳೆದು ನಾರಿನ ಹಗ್ಗದಲ್ಲಿ ಬಿಗಿದು ಕಟ್ಟಿಸಿದ್ದ. ಆಷಾಢದ ಗಾಳಿಗೆ ಹಗ್ಗ ಕಿತ್ತುಬಂತು. ಗರಿ ತಂತಿಯ ಮೇಲೆ ಬಿದ್ದು ಸುತ್ತಲ ತೋಟಗಳ ಮೋಟಾರೆಲ್ಲ ನಿಂತವು. ಅಕ್ಕಪಕ್ಕದವರು ಅಪ್ಪನ ಮೇಲೆ ಕೂಗಾಡಿದರು. ಲೈನ್‌ಮನ್ ಬಂದವನೇ ಎರಡು ಮರಾನೂ ತೆಗೀರಿ ಅಂದ. ಅಪ್ಪ ಒಂದು ಮರಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ. ಅವನ ಹಿಂದೆಯೇ ಬಂದ ಇಂಜಿನಿಯರಮ್ಮ ಒಮ್ಮೆ ಮರ ನೋಡಿದರು, ಒಮ್ಮೆ ಅಪ್ಪನ ಮುಖ ನೋಡಿದರು. ಸದ್ಯಕ್ಕೆ ಗರಿ ಸವರಿ ಕರೆಂಟ್ ಕೊಡಿ, ಭಾನುವಾರ ಬಂದು ನೋಡುತ್ತೇನೆ ಅಂದರು.

ಭಾನುವಾರ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟರು. ಚಪ್ಪಲಿಗೆ ಅಂಟಿದ ಕೆಸರು ಕೊಡವುತ್ತಾ ಬದುವಿನಿಂದ ಬದುವಿಗೆ ಅಳೆದೆವು. ನಡುವೆ ಒಂದು ಕಂಬ ನೆಟ್ಟು ಲೈನನ್ನು ತುಸು ಓರೆ ಮಾಡಿದರೆ ಮರ ಉಳಿಯುತ್ತವೆ ಅಂತ ಲೆಕ್ಕ ಹಾಕಿ, ಒಂದು ಕಡೆ ಲೈನ್‌ಮನ್ ಕೈಲಿ ಗೂಟ ಹೊಡೆಸಲು ಹೊರಟರು. ನನಗೆ ತಡೆಯಲಾಗಲಿಲ್ಲ.

"ಅಲ್ಲಿ ಬೇಡ ಮೇಡಂ. ಮಳೆ ಬಂದ್ರೆ ನೀರೆಲ್ಲ ಅಲ್ಲೇ ನಿಲ್ತದೆ. ಕಂಬ ವಾಲ್ಕತದೆ."

"ಹಂಗಾದ್ರೆ ಎಲ್ಲಿ? ತೋರ್ಸು."

ಜೀರಿಗೆ ಕಲ್ಲಿನ ಗಟ್ಟಿ ನೆಲವಿದ್ದ ಬದುವಿನ ಮೂಲೆಗೆ ಹೋಗಿ ನಿಂತೆ. ಅವರು ಮತ್ತೆ ಮೊದಲಿನಿಂದ ಅಳೆದರು. ಮರದ ಕಡೆ, ತಂತಿಯ ಕಡೆ ನೋಡಿದರು. ಆಮೇಲೆ ಲೈನ್‌ಮನ್ ಎದುರಿಗೇ ಅಪ್ಪನನ್ನು ಕರೆದು, ನಿಮ್ಮ ಮರ ಉಳಿದವು ಯಜಮಾನ್ರೆ, ಜಾಗ ಹುಡುಕಿದ್ದು ನಾನಲ್ಲ, ಇವಳು ಅಂದರು. ಅಪ್ಪ ಆ ಮೂಲೆಗೆ ನಡೆದು ನೆಲವನ್ನು ಕಾಲಲ್ಲಿ ಒತ್ತಿ ನೋಡಿದ. ಸಂಜೆ ಹಾಲು ಕರೆಯುತ್ತಾ, ಹಸುವಿನ ಕಡೆಗೇ ಮುಖ ಮಾಡಿಕೊಂಡು ನನ್ನನ್ನು ಕೇಳಿದ:

"ತುಮ್ಕೂರಲ್ಲಿ ಹುಡ್ಗೀರ್ಗೆ ಹಾಸ್ಟೆಲ್ ಐತಂತೇನೇ?"

ಅಮ್ಮ ಒಲೆ ಮುಂದಿನಿಂದ ಎದ್ದು ಬಂದು ನನ್ನ ತಲೆ ನೇವರಿಸಿದಳು.

ನಾನು ಹಾಸ್ಟೆಲ್‌ನಲ್ಲಿದ್ದಾಗಲೇ ಇಂಜಿನಿಯರಮ್ಮನಿಗೆ ವರ್ಗವಾಯಿತು. ದಸರಾ ರಜೆಗೆ ಬಂದರೆ ಹೊರಕೋಣೆಯಲ್ಲಿ ಅಮ್ಮ ಕೊಬ್ಬರಿ ಚೀಲ ಜೋಡಿಸಿದ್ದಳು. ಆಮೇಲೆ ನನ್ನ ಓದು, ಕೆಲಸ, ಮದುವೆ, ಮಕ್ಕಳು... ಒಂದು ಸಲ ಶಿವಮೊಗ್ಗಕ್ಕೆ ಹೋಗಿ ನೋಡಿ ಬರಬೇಕು ಅಂದುಕೊಳ್ಳುವುದರಲ್ಲೇ ವರ್ಷಗಳು ಕಳೆದವು.

ವೈಂಡಿಂಗ್ ಅಂಗಡಿಯಿಂದ ಬಂದ ಮೇಲೆ ಮನಸ್ಸು ತಡೆಯದೆ, ಶಿವಮೊಗ್ಗದ ಆಫೀಸಿನಲ್ಲಿರುವ ಗೆಳತಿಗೆ ಫೋನು ಮಾಡಿ, ಹಿಂದೆ ಹೊನ್ನವಳ್ಳಿಯಲ್ಲಿದ್ದ ಇಂಜಿನಿಯರಮ್ಮ ಅಂತಲೇ ಹೇಳಿ ವಿಚಾರಿಸಿದೆ. ಅವರು ತೀರಿಕೊಂಡು ಎರಡು ವರ್ಷವಾಯಿತಂತೆ.

ತುರುವೇಕೆರೆಯ ನಮ್ಮ ಆಫೀಸಿಗೆ ಈಚೆಗೆ ಒಬ್ಬ ಹುಡುಗಿ ಜೂನಿಯರ್ ಇಂಜಿನಿಯರಾಗಿ ಬಂದಿದ್ದಾಳೆ. ಮರುದಿನ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, ಯಾಕೆ ಮೇಡಂ ಮಂಕಾಗಿದೀರಿ ಅಂದಳು. ಅವಳಿಗೆ ಇಷ್ಟೂ ಕಥೆ ಹೇಳಿದೆ. ಅವಳು ತುತ್ತು ಕೈಯಲ್ಲೇ ಹಿಡಿದು ಕೇಳಿದಳು.

"ಅವರ ಹೆಸರೇನು ಮೇಡಂ?"

ಹೇಳಿದೆ. ಅಷ್ಟು ವರ್ಷ ಮೇಡಂ ಅನ್ನುತ್ತಾ ಒಂದೇ ಅಂಗಳದಲ್ಲಿ ಓಡಾಡಿದರೂ ಆ ಹೆಸರು ನನ್ನ ಬಾಯಲ್ಲಿ ಬಂದಿದ್ದು ಅದೇ ಮೊದಲು. ಓಗೊಡಲು ಅವರಿರಲಿಲ್ಲ.