ಬೆಳಗಿನ ಸಭೆಯಲ್ಲಿ ನನ್ನ ವಿಚಾರಣೆ

ಆಗ ನಾನು ದೆಹಲಿಯ ಜೈಲೊಂದರ ವ್ಯಸನಮುಕ್ತಿ ವಾರ್ಡಿನಲ್ಲಿ ಕೌನ್ಸೆಲರ್. ಅಲ್ಲಿ ಬೆಳಗಿನ ಸಭೆ ನಡೆಸುವವರು ಕೈದಿಗಳೇ. ಯಾರಾದರೂ ನಿಯಮ ಮುರಿದರೆ ಇನ್ನೊಬ್ಬ ಎದ್ದುನಿಂತು ಎಲ್ಲರೆದುರು ಹೇಳಬೇಕು. ಮುರಿದವನು ಸಮಜಾಯಿಷಿ ಕೊಡದೆ ಒಪ್ಪಿಕೊಳ್ಳಬೇಕು. ಈ ಪದ್ಧತಿ ಕಲಿಸಿದವನು ನಾನೇ.

ಒಂದು ದಿನ ಕಿದ್ವಾಯಿ ನಗರದಲ್ಲಿ ಬಸ್ಸು ಸಿಗದೆ ತಡವಾಯಿತು. ಸದ್ದಿಲ್ಲದೆ ಹಿಂದೆ ಹೋಗಿ ಕೂರುವವನಿದ್ದೆ, ಅಷ್ಟರಲ್ಲಿ ಒಬ್ಬ ಎದ್ದ. ಸ್ಮ್ಯಾಕ್ ಎಂಬ ಮಾದಕ ಪುಡಿಯ ಚಟ ಬಿಡಿಸಲು ಹೊಸದಾಗಿ ಸೇರಿಸಿದ್ದ ಹುಡುಗಾಟವಿಲ್ಲದ ಆಸಾಮಿ. ಮೊದಲ ದಿನದ ನಾಲ್ಕು ಮಾತು ಬಿಟ್ಟರೆ ಅವನ ಬಾಯಿಂದ ಇನ್ನೊಂದು ಮಾತು ಹೊರಡಿಸಲು ನಾನು ವಾರದಿಂದ ಹೆಣಗುತ್ತಿದ್ದೆ.

"ಸರ್ ತಡವಾಗಿ ಬಂದಿದ್ದಾರೆ," ಎಂದ.

"ಬಸ್ಸು ಸಿಗಲಿಲ್ಲ, ಭಯ್ಯಾ."

"ಮೊದಲ ದಿನ ನಾನು ತಪ್ಪನ್ನ ಗೆಳೆಯರ ಮೇಲೆ ಹಾಕಿದಾಗ ನೆಪ ಅಂದ್ರಿ. ನೀವು ಬಸ್ಸಿನ ಮೇಲೆ ಹಾಕ್ತಿದ್ದೀರಿ. ಮೊದಲು ಒಪ್ಪಿಕೊಳ್ಳಿ ಸರ್."

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಒಪ್ಪಿಕೊಂಡೆ. ಎಲ್ಲರ ಚಹಾ ಲೋಟ ತೊಳೆಯುವ ಶಿಕ್ಷೆಯಾಯಿತು. ಹೊಸಬ ಪಕ್ಕದಲ್ಲೇ ಕೂತು, "ತಳ ಉಜ್ಜಿ ಸರ್, ತಳ" ಎನ್ನುತ್ತ, ನಡುನಡುವೆ ತನ್ನ ಮನೆಯ ಕಥೆಯನ್ನೆಲ್ಲ ಹೇಳಿಬಿಟ್ಟ.

ಮರುದಿನ ಎಲ್ಲರಿಗಿಂತ ಮುಂಚೆ ಗೇಟಿನಲ್ಲಿ ನಿಂತೆ. ಕಾವಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಚ್ಛಾ! ಒಳಗೆ ಹೋಗೋಕೆ ಇಷ್ಟು ಅವಸರಾನಾ?"

ಅನುಮಾನ ಬಂದಮೇಲೆ ಕೇಳಬೇಕೆ? ಚೀಲ, ಚಪ್ಪಲಿ, ಕೊನೆಗೆ ಡಬ್ಬಿಯ ಚಿತ್ರಾನ್ನವನ್ನೂ ಕೆದಕಿ ನೋಡಿದ. ಒಳಗೆ ಹೋಗುವಷ್ಟರಲ್ಲಿ ಸಭೆ ಮುಗಿದಿತ್ತು. ಲೋಟಗಳನ್ನು ಮಾತ್ರ ಯಾರೂ ತೊಳೆದಿರಲಿಲ್ಲ.